ಐದು ರೂಪಾಯಿ ಬಡ್ಡಿಯಿಂದ ಒಂದು ರೂಪಾಯಿಗೆ: ನಮ್ಮ ಸಂಘ ಕೈಸಾಲ ತೀರಿಸಿದ ಬಗೆ

ಎಮ್ಮೆ, ಕುರಿ, ಹೊಲಿಗೆ ಮಷಿನ್ ಕೊಡಿಸದೆ ಬಡತನ ಇಳಿಯೋದಿಲ್ಲ ಅಂತ ನಮಗೆ ಹೇಳಿದವರು ಬಹಳ ಮಂದಿ. ಸ್ವಸಹಾಯ ಸಂಘದ ಹೆಂಗಸರು ನಾವು, ಬ್ಯಾಂಕಿನ ದುಡ್ಡಲ್ಲಿ ಏನನ್ನೂ ಕೊಳ್ಳಲಿಲ್ಲ, ಸಾಹುಕಾರರ ಕೈಸಾಲ ತೀರಿಸಿದೆವು. ಈಗ ಸಂಘದ ಹದಿನಾಲ್ಕು ಮನೆಗಳಲ್ಲಿ ಹನ್ನೊಂದು ಮನೆಗೆ ಐದು ರೂಪಾಯಿ ಬಡ್ಡಿ ಇಲ್ಲ. ಲಿಂಗಸುಗೂರು ತಾಲ್ಲೂಕಿನ ಮಳೆಯಾಶ್ರಿತ ಊರು ನಮ್ಮದು. ಹತ್ತಿ, ತೊಗರಿ, ಬಿಳಿಜೋಳ, ಉಳಿದ ತಿಂಗಳು ಬೆಂಗಳೂರಿಗೆ ಗುಳೆ.

ಮೊದಲು ಪ್ರತಿ ಮನೆಯ ಸಾಲ ಬರೆದೆವು. ಯಾರೂ ಒಂದೇ ಸಲಕ್ಕೆ ನಿಜ ಹೇಳೋದಿಲ್ಲ. ಗಂಡನಿಗೆ ಗೊತ್ತಿಲ್ಲದ ಸಾಲ ಹೆಂಡತಿ ಹತ್ತಿರ, ಹೆಂಡತಿಗೆ ಗೊತ್ತಿಲ್ಲದ್ದು ಗಂಡನ ಹತ್ತಿರ. ಹೊರಗೆ ಬರಲು ಎರಡು ತಿಂಗಳ ಮೇಲೆಯೇ ಹಿಡಿಯಿತು. ಸಾಲ ಯಾಕಾಯಿತು ಅನ್ನೋ ಕಾಲಂನಲ್ಲಿ ಅರ್ಧಕ್ಕೂ ಹೆಚ್ಚು ಕಡೆ ಬಂದದ್ದು ಆಸ್ಪತ್ರೆ. ಆಮೇಲೆ ನೀರು ಬೀಳದ ಬೋರು, ಮದುವೆ, ಹತ್ತಿ ಬೀಜ. ಕುಡಿತದಿಂದ ಸಾಲ ಅಂತ ಊರ ದೊಡ್ಡವರು ಹೇಳ್ತಾರಲ್ಲ, ಅಂಥದ್ದು ಒಂದೆರಡೇ.

ಲೆಕ್ಕ ನೋಡಿ. ನಲವತ್ತು ಸಾವಿರಕ್ಕೆ ನೂರಕ್ಕೆ ಐದರಂತೆ ತಿಂಗಳಿಗೆ 2,000 ಬಡ್ಡಿ, ವರ್ಷಕ್ಕೆ 24,000. ಅಸಲು ಹಾಗೇ ಕೂತಿರುತ್ತದೆ. 2023ರಲ್ಲಿ ಗೃಹಲಕ್ಷ್ಮಿ ಹಣ ಶುರುವಾದಾಗ ಆ 2,000 ಎಷ್ಟೋ ಮನೆಗಳಲ್ಲಿ ನೇರವಾಗಿ ಸಾಹುಕಾರನ ಮನೆಗೆ ನಡೆಯಿತು. ಅದೇ ಸಾಲ ಸಂಘದಿಂದ ಒಂದು ರೂಪಾಯಿ ಬಡ್ಡಿಗೆ ಸಿಕ್ಕರೆ ವರ್ಷಕ್ಕೆ 4,800. ಉಳಿಯೋದು 19,200. ಉದ್ಯೋಗ ಖಾತ್ರಿ ಕೂಲಿ 349 ಇದ್ದಾಗಿನ ಲೆಕ್ಕದಲ್ಲಿ ಇದು ಐವತ್ತೈದು ದಿನದ ದುಡಿಮೆ. ನಮ್ಮ ಮಂದಿ ಕಡಿಮೆ ದುಡಿದು ಬಡವರಾದವರಲ್ಲ. ವರ್ಷಕ್ಕೆ ಎರಡು ತಿಂಗಳು ಬಡ್ಡಿಗೇ ದುಡಿಯುತ್ತಿದ್ದರು.

‘ಸಾಲ ತೀರಸಾಕ ಮತ್ತೊಂದು ಸಾಲಾ?’ ಅಂತ ಸಂಘಗಳ ಒಕ್ಕೂಟದ ಸಭೆಯಲ್ಲೇ ಕೇಳಿದರು. ಬ್ಯಾಂಕಿನಲ್ಲಿ ಆದಾಯ ತರುವ ಚಟುವಟಿಕೆಗೆ ಮಾತ್ರ ಸಾಲ ಅಂದರು. ಆದರೆ ಸಂಘಗಳ ಸಾಲದ ಬಗ್ಗೆ ಇರುವ ಆರ್‌ಬಿಐ ಸುತ್ತೋಲೆಯಲ್ಲೇ ಹೆಚ್ಚಿನ ಬಡ್ಡಿಯ ಸಾಲ ಬದಲಿಸಿಕೊಳ್ಳಲು ಈ ಹಣ ಬಳಸಬಹುದು ಅಂತಿದೆ. ಅದರ ಪ್ರತಿ ತೆಗೆಸಿ, ಆ ಸಾಲಿಗೆ ಗೆರೆ ಎಳೆದು ಮೇಜಿನ ಮೇಲಿಟ್ಟೆವು. ಆಮೇಲೆ ಮಾತು ಮುಂದುವರಿಯಿತು. ಮೊದಲ ಕಂತು ಒಂದೂವರೆ ಲಕ್ಷ ಬಂತು, ಬಡ್ಡಿ ಶೇ 7.

ಇದಕ್ಕೂ ಮುಂಚೆ ಮಾಡಿದ್ದೆಲ್ಲ ಕೆಟ್ಟಿತ್ತು. ಸಮುದಾಯ ಬಂಡವಾಳ ನಿಧಿಯಲ್ಲಿ (ಒಕ್ಕೂಟದ ಮೂಲಕ ಸಂಘಕ್ಕೆ ಸಿಗುವ ಸಾಲದ ಹಣ) ತಂದ ನಾಲ್ಕು ಎಮ್ಮೆಗಳಲ್ಲಿ ಮೂರನ್ನು ಬೇಸಿಗೆಯಲ್ಲಿ ಮೇವಿಲ್ಲದೆ ಅರ್ಧ ಬೆಲೆಗೆ ಮಾರಬೇಕಾಯಿತು. ಸುಮಾರು ಎಂಬತ್ತು ಸಾವಿರ ಹೋಯಿತು. ರೊಟ್ಟಿ, ಶೇಂಗಾ ಚಟ್ನಿ ಮಾಡಿದೆವು. ಮೇಳದಲ್ಲಿ ಖಾಲಿಯಾಯಿತು, ಮೇಳ ಮುಗಿದ ಮೇಲೆ ಕೊಳ್ಳುವವರಿಲ್ಲ. ಗಳಿಸಿದ್ದನ್ನೂ ಸಾಹುಕಾರನೇ ಒಯ್ದ. ಹಳೇ ಸಾಲ ತಲೆ ಮೇಲಿದ್ದಾಗ ಹೊಸ ಉದ್ಯೋಗದ ದುಡ್ಡು ಮನೆಯಲ್ಲಿ ನಿಲ್ಲೋದಿಲ್ಲ.

ಯಾರ ಸಾಲ ಮೊದಲು? ದೊಡ್ಡದನ್ನು ಮೊದಲು ತೀರಿಸಿ ಅಂತ ಎಲ್ಲರೂ ಅಂದರು. ನಾವು ಹತ್ತು–ಹದಿನೈದು ಸಾವಿರದ ಸಣ್ಣ ಸಾಲಗಳಿಂದ ಶುರು ಮಾಡಿದೆವು, ಮೊದಲ ಸುಗ್ಗಿಯೊಳಗೆ ಆರು ಮನೆ ಮುಗಿಯಿತು. ಹಣವನ್ನು ಸದಸ್ಯೆಯ ಕೈಗೆ ಕೊಡಲಿಲ್ಲ. ಮೂವರು ಹೋಗಿ ಸಾಹುಕಾರನಿಗೇ ಕೊಟ್ಟು ಪ್ರೋನೋಟು, ಬಾಂಡು, ಅಡವಿಟ್ಟ ಪಾಸ್‌ಬುಕ್ಕು ವಾಪಸ್ ತಂದೆವು. ಹೆಚ್ಚಿನ ಕಡೆ ಬಾಕಿ ಬಡ್ಡಿಯಲ್ಲಿ ಅರ್ಧ ಬಿಡಿಸಿದ್ದೇವೆ. ಹೇಗೆ ಬಿಡಿಸಿದೆವು ಅಂತ ಇಲ್ಲಿ ಬರೆಯೋಲ್ಲ. ಇನ್ನೂ ಮೂರು ಮನೆ ಬಾಕಿ ಇವೆ, ಸಾಹುಕಾರರ ಮಕ್ಕಳೂ ಇದನ್ನು ಓದುತ್ತಾರೆ.

ಮರುಪಾವತಿಯನ್ನು ಬೆಳೆಗೆ ಕಟ್ಟಿದೆವು: ಹತ್ತಿ ಬಿಡಿಸುವಾಗ ಒಂದು ಪಾಲು, ತೊಗರಿ ಮಾರಿದ ಮೇಲೆ ದೊಡ್ಡ ಪಾಲು. ಬೇಸಿಗೆಯಲ್ಲಿ ಸದಸ್ಯೆ ಬಡ್ಡಿ ಮಾತ್ರ ಕಟ್ಟುತ್ತಾಳೆ. ಬ್ಯಾಂಕಿಗೆ ತಿಂಗಳ ಬಡ್ಡಿ ತಪ್ಪದಂತೆ ಸಂಘದ ಉಳಿತಾಯದಿಂದ ತುಂಬುತ್ತೇವೆ. ವಾರದ ಕಂತು ಕಟ್ಟಿಸಿಕೊಳ್ಳುವ ಕಿರುಸಾಲ ಕಂಪನಿಗಳು ಇಷ್ಟನ್ನು ಮಾಡಿದ್ದರೆ ಎಷ್ಟೋ ಮನೆಗೆ ಬೀಗ ಬೀಳುತ್ತಿರಲಿಲ್ಲ.

ಸಾಲ ತೀರಿದರೆ ಸಾಲದು, ಮತ್ತೆ ಆಗಬಾರದು. ಅತಿಬಡ್ಡಿ ತಡೆಯಲು 2004ರ ಕಾಯ್ದೆ ಇದೆ, ಕಿರುಸಾಲದ ಕಿರುಕುಳಕ್ಕೆ 2025ರಲ್ಲಿ ಇನ್ನೊಂದು ಬಂತು. ಎರಡೂ ಬೇಕಾದವೇ. ಆದರೆ ರಾತ್ರಿ ಹನ್ನೊಂದಕ್ಕೆ ಮಗುವಿಗೆ ಜ್ವರ ಏರಿದರೆ ಐದು ಸಾವಿರ ಕೊಡುವವನು ಆ ಸಾಹುಕಾರನೇ. ಆಯುಷ್ಮಾನ್ ಕಾರ್ಡು ಒಳರೋಗಿಗೆ ಆಗುತ್ತದೆ. ಗಾಡಿ ಬಾಡಿಗೆ, ಹೊರಗಿನ ಔಷಧಿ, ಜೊತೆಗಿದ್ದವರ ಊಟಕ್ಕೆ ಆಗೋದಿಲ್ಲ. ಅದಕ್ಕೇ ವಾರಕ್ಕೆ ಇಪ್ಪತ್ತು ರೂಪಾಯಿ ಬೇರೆ ಎತ್ತಿ ‘ಆಸ್ಪತ್ರೆ ಗಂಟು’ ಮಾಡಿದ್ದೇವೆ. ಅದರಿಂದ ತೆಗೆದುಕೊಂಡ ಹಣಕ್ಕೆ ಮೊದಲ ತಿಂಗಳು ಬಡ್ಡಿ ಇಲ್ಲ. ಆ ಹಣ ರಾತ್ರಿ ಯಾರ ಮನೆಯಲ್ಲಿರುತ್ತದೆ ಅನ್ನೋದು ಸಂಘದ ಹೊರಗೆ ಹೇಳುವ ಮಾತಲ್ಲ. ನನ್ನ ಮಟ್ಟಿಗೆ ಇಡೀ ಕೆಲಸದ ಬೆನ್ನುಮೂಳೆ ಇದೇ ಗಂಟು.

ನಡುವೆ ಜೋಳದ ಬ್ಯಾಂಕೂ ಮಾಡಿದೆವು. ಸುಗ್ಗಿಯಲ್ಲಿ ಹತ್ತು ಚೀಲ ಕೊಂಡು ಮಳೆಗಾಲದಲ್ಲಿ ಕ್ವಿಂಟಲಿಗೆ ಹತ್ತು ಕಿಲೋ ಹೆಚ್ಚಿಗೆ ಅಂತ ಕೊಟ್ಟೆವು. ಮೊದಲ ವರ್ಷ ಬೇವಿನ ಸೊಪ್ಪು ನಂಬಿ ಎರಡು ಚೀಲ ಹುಳ ತಿಂತು. ಗಾಳಿಯಾಡದ ದಪ್ಪ ಪ್ಲಾಸ್ಟಿಕ್ ಒಳಚೀಲ ಹಾಕಿದ ಮೇಲೆ ಒಂದು ಕಾಳೂ ಹಾಳಾಗಿಲ್ಲ. ಸಾಲ ಮುಗಿದ ಇಬ್ಬರು ಈಗ ಕೆಂಗುರಿ ತಳಿಯ ಕುರಿ ಹಿಡಿದಿದ್ದಾರೆ, ಪಿಪಿಆರ್ (ಕುರಿ ಪ್ಲೇಗು) ಮತ್ತು ಕರುಳುಬೇನೆ ಲಸಿಕೆ ಹಾಕಿಸಿಯೇ. ಕುರಿ ಬೇಡ ಅಂತ ನಾನು ಯಾವತ್ತೂ ಅಂದಿಲ್ಲ, ಸಾಲ ತೀರಿದ ಮೇಲೆ ಅಂದದ್ದು.

ಉಳಿದ ಮೂರು ಮನೆಗಳದ್ದು ಬೋರಿನ ಸಾಲ, ಒಂದೊಂದೂ ಲಕ್ಷದ ಮೇಲೆ. ಸಂಘದ ಒಂದು ಕಂತಿಗೆ ಅದು ಬಗ್ಗೋದಿಲ್ಲ. ಈ ಸಲ ತೊಗರಿ ಮಾರಿ ಸಂಘದ ಬ್ಯಾಂಕ್ ಸಾಲದ ಖಾತೆ (ಸಿಸಿ) ನವೀಕರಣವಾದ ಕೂಡಲೇ ಒಂದು ಮನೆಯದನ್ನು ಅರ್ಧಕ್ಕೆ ಇಳಿಸುತ್ತೇವೆ. ಯಾರದ್ದು ಅನ್ನೋದನ್ನು ಹೋದ ವಾರದ ಸಭೆಯಲ್ಲೇ ತೀರ್ಮಾನಿಸಿ ನಡಾವಳಿಯಲ್ಲಿ ಬರೆದಾಗಿದೆ.