ಮಾವನ ಜೊತೆ ಬೆಟ್ ಕಟ್ಟಿ ಉಪಗ್ರಹದಿಂದ ಗಾಳಿ ಅಳೆದದ್ದು

ಮಾವನ ಮನೆ ರಾಯಚೂರಿನಲ್ಲಿ. ಸಂಕ್ರಾಂತಿಗೆ ಹೋಗಿದ್ದಾಗ ಊಟ ಮುಗಿಸಿ ಕಟ್ಟೆ ಮೇಲೆ ಕೂತಿದ್ವಿ. "ನಿಮ್ಮ ಬೆಂಗ್ಳೂರಿಗಿಂತ ನಮ್ಮ ಊರ ಗಾಳಿ ಎಷ್ಟೋ ಛಲೋ ಅದ ನೋಡ್ರಿ" ಅಂದರು. ನಾನು ಸುಮ್ನಿರಬಹುದಿತ್ತು. "ಶಕ್ತಿನಗರದ ಥರ್ಮಲ್ ವಿದ್ಯುತ್ ಸ್ಥಾವರ ಇಲ್ಲೇ ಹತ್ತಿರ ಇದೆಯಲ್ಲ ಮಾವ" ಅಂದುಬಿಟ್ಟೆ. "ಕಂಪ್ಯೂಟರ್ ಕೆಲಸ ಮಾಡ್ತೀರಲ್ಲ, ಲೆಕ್ಕ ತೋರಸ್ರಿ" ಅಂದರು. ಸೋತವರು ಮಿರ್ಚಿ ಕೊಡಿಸಬೇಕು ಅಂತ ಬೆಟ್ ಆಯ್ತು.

ನೆಲದ ಮೇಲಿನ ಯಂತ್ರಗಳ ಅಂಕಿ ತೆಗೆದುಕೊಂಡರೆ ಜಗಳ ಮುಗಿಯೋದಿಲ್ಲ. ಒಂದು ಯಂತ್ರ ಸರ್ಕಲ್ ಪಕ್ಕ ಇರುತ್ತೆ, ಇನ್ನೊಂದು ಪಾರ್ಕ್ ಒಳಗೆ. ಎರಡೂ ಊರನ್ನು ಒಂದೇ ತಕ್ಕಡಿಯಲ್ಲಿ ತೂಗಬೇಕು. ಆ ತಕ್ಕಡಿ 824 ಕಿ.ಮೀ. ಮೇಲೆ ಸುತ್ತುತ್ತಿದೆ. ಯುರೋಪಿನವರು 2017ರ ಅಕ್ಟೋಬರ್‌ನಲ್ಲಿ ಹಾರಿಸಿದ ಸೆಂಟಿನೆಲ್-5ಪಿ ಉಪಗ್ರಹ, ಅದರೊಳಗಿನ ಟ್ರೊಪೋಮಿ ಉಪಕರಣ. ಒಂದು ಸಲ ಹಾದುಹೋದರೆ ಸುಮಾರು 2600 ಕಿ.ಮೀ. ಅಗಲ ನೋಡುತ್ತೆ, ಅಂದರೆ ಒಂದೇ ಹಾಯುವಿಕೆಯಲ್ಲಿ ಇಡೀ ಕರ್ನಾಟಕ ಸಿಕ್ಕಿಬಿಡಬಹುದು.

ಅದು ಗಾಳಿಯನ್ನು ಮುಟ್ಟೋದೇ ಇಲ್ಲ. ಬಿಸಿಲು ನೆಲಕ್ಕೆ ಬಡಿದು ವಾಪಸ್ ಹೋಗುವಾಗ ನೈಟ್ರೋಜನ್ ಡೈಆಕ್ಸೈಡ್ ನೇರಳೆ-ನೀಲಿ ಬೆಳಕನ್ನು, ಸುಮಾರು 405ರಿಂದ 465 ನ್ಯಾನೋಮೀಟರ್ ನಡುವೆ, ತನ್ನದೇ ವಿನ್ಯಾಸದಲ್ಲಿ ಸ್ವಲ್ಪ ಸ್ವಲ್ಪ ನುಂಗುತ್ತೆ. ಎಷ್ಟು ಬೆಳಕು ಕಾಣೆಯಾಯ್ತು ಅನ್ನೋದರಿಂದ ಎಷ್ಟು ಅನಿಲ ಇತ್ತು ಅಂತ ಲೆಕ್ಕ ಹಾಕ್ತಾರೆ. ವಾಹನ, ಜನರೇಟರ್, ಕಲ್ಲಿದ್ದಲು ಸ್ಥಾವರ, ಎಲ್ಲ ಕಡೆಯಿಂದಲೂ ಈ ಅನಿಲ ಬರುತ್ತೆ. ಗಾಳಿಯಲ್ಲಿ ಕೆಲವೇ ಗಂಟೆ ಉಳಿಯೋದರಿಂದ ಹುಟ್ಟಿದ ಜಾಗದ ಹತ್ತಿರವೇ ಸಿಕ್ಕಿಬೀಳುತ್ತೆ. ಕಳ್ಳ ಓಡಿಹೋಗೋಕೆ ಮುಂಚೆ ಫೋಟೋ ತೆಗೆದ ಹಾಗೆ.

ಕೆಲಸ ಮಾಡಿದ್ದು ಗೂಗಲ್ ಅರ್ಥ್ ಎಂಜಿನ್‌ನಲ್ಲಿ, ಅಂದರೆ ಉಪಗ್ರಹದ ಡೇಟಾ ಇಟ್ಟುಕೊಂಡು ಕೋಡ್ ಬರೆದು ನಕ್ಷೆ ಮಾಡುವ ಆನ್‌ಲೈನ್ ಜಾಗದಲ್ಲಿ. ಸ್ವಂತ ಕಲಿಕೆಗೆ ಪುಕ್ಕಟೆ. ಇಪ್ಪತ್ತು ಸಾಲಿನ ಕೋಡ್ ಸಾಕು. ತಪ್ಪು ಮಾಡೋಕಂತೂ ಅಷ್ಟೂ ಬೇಕಿಲ್ಲ.

ಮೊದಲು ಒಂದೇ ದಿನದ ನಕ್ಷೆ ಮಾಡಿದೆ. ಬೆಂಗಳೂರು ಕೆಂಪಗೆ ಕಂಡಿತು, ಖುಷಿಯಾಯ್ತು. ಮಾರನೇ ದಿನದ ನಕ್ಷೆಯಲ್ಲಿ ಆ ಕೆಂಪು ಊರು ಬಿಟ್ಟು ಪಶ್ಚಿಮಕ್ಕೆ ಸರಿದು ಕೂತಿತ್ತು. ಗಾಳಿ ಬೀಸಿತ್ತು, ಅಷ್ಟೇ. ಡಿಸೆಂಬರ್‌ನಿಂದ ಫೆಬ್ರವರಿವರೆಗಿನ ಸರಾಸರಿ ತೆಗೆದ ಮೇಲೇ ಚಿತ್ರ ಒಂದು ಕಡೆ ನಿಂತಿದ್ದು.

ಎರಡನೇ ತಪ್ಪು ನನಗೆ ಈಗಲೂ ನಾಚಿಕೆ ತರಿಸುತ್ತೆ. ಅಂಕಿಗಳಲ್ಲಿ ಅಲ್ಲಲ್ಲಿ ಸೊನ್ನೆಗಿಂತ ಕಡಿಮೆ ಬೆಲೆ ಇದ್ದವು. ಅನಿಲ ಮೈನಸ್ ಇರೋಕೆ ಸಾಧ್ಯವಾ ಅಂತ ಎಲ್ಲ ಕಿತ್ತು ಹಾಕಿದೆ. ಏನಾಯ್ತು ಗೊತ್ತಾ? ಶುದ್ಧವಾಗಿರಬೇಕಾದ ಮಲೆನಾಡು, ಅರಬ್ಬಿ ಸಮುದ್ರ ಎಲ್ಲ ಸ್ವಲ್ಪ ಕೊಳಕಾದವು. ಅಳತೆಯಲ್ಲಿ ಯಾವಾಗಲೂ ಸಣ್ಣ ಏರುಪೇರು ಇರುತ್ತೆ. ನಿಜವಾದ ಬೆಲೆ ಸೊನ್ನೆಯ ಹತ್ತಿರ ಇದ್ದರೆ ಕೆಲವು ಸಲ ಮೇಲೆ, ಕೆಲವು ಸಲ ಕೆಳಗೆ ಬೀಳುತ್ತೆ, ಸರಾಸರಿಯಲ್ಲಿ ಎರಡೂ ಹೊಡೆದುಹೋಗುತ್ತೆ. ನಾನು ಕೆಳಗೆ ಬಿದ್ದವನ್ನಷ್ಟೇ ಎಸೆದಿದ್ದೆ. ಅಂಗಡಿಯವನು ಸಾಲದ ಪುಟ ಹರಿದು ಲಾಭ ಎಣಿಸಿದ ಹಾಗೆ. ಎಸೆಯಬೇಕಾದದ್ದು ಮೋಡ ಕವಿದ, ಗುಣಮಟ್ಟದ ಅಂಕ (0ರಿಂದ 1ರವರೆಗೆ ಇರುತ್ತೆ) 0.75ಕ್ಕಿಂತ ಕಡಿಮೆ ಇರುವ ನಕ್ಷೆಯ ಚೌಕಗಳನ್ನು. ಅರ್ಥ್ ಎಂಜಿನ್ ಆ ಕೆಲಸವನ್ನು ಮೊದಲೇ ಮಾಡಿಕೊಟ್ಟಿರುತ್ತೆ.

ಮೋಡ ಅಂದಾಗ ನೆನಪಾಯ್ತು. ಉತ್ಸಾಹದಲ್ಲಿ ಜುಲೈ ನಕ್ಷೆಯನ್ನೂ ಮಾಡಿದ್ದೆ. ಕರಾವಳಿಯಲ್ಲಿ ವಿಚಿತ್ರ ಚುಕ್ಕೆಗಳು ಕಂಡವು. ನೋಡಿದರೆ ಕೆಲವು ಕಡೆ ಇಡೀ ತಿಂಗಳಲ್ಲಿ ಸಿಕ್ಕಿದ್ದೇ ಎರಡು ಮೂರು ದಿನದ ಅಳತೆ. ಅವತ್ತಿನಿಂದ ಪ್ರತಿ ಸರಾಸರಿ ನಕ್ಷೆಯ ಪಕ್ಕದಲ್ಲಿ "ಎಷ್ಟು ದಿನದ ಅಳತೆ" ಅನ್ನುವ ನಕ್ಷೆಯನ್ನೂ ಇಡ್ತೀನಿ. ಅದಿಲ್ಲದ ನಕ್ಷೆಯನ್ನು ಯಾರು ಕಳಿಸಿದರೂ ನಂಬೋದಿಲ್ಲ.

ಇನ್ನೊಂದು ಮೋಸ ಜೂಮ್ ಮಾಡಿದಾಗ ಆಗುತ್ತೆ. ಅರ್ಥ್ ಎಂಜಿನ್‌ನಲ್ಲಿ ಚೌಕಗಳು ಸುಮಾರು ಒಂದು ಕಿ.ಮೀ. ಕಾಣ್ತವೆ. ಉಪಗ್ರಹ ನಿಜವಾಗಿ ಅಳೆಯೋದು 5.5 x 3.5 ಕಿ.ಮೀ. ಚೌಕವನ್ನು, ಅದೂ 2019ರ ಆಗಸ್ಟ್‌ನಿಂದ. ಅದಕ್ಕೆ ಮುಂಚೆ ಉದ್ದ 7 ಕಿ.ಮೀ. ಇತ್ತು. ಫ್ಲಾಟ್ ಕೊಳ್ಳೋಕೆ ಹೊರಟ ಗೆಳೆಯನೊಬ್ಬ ಎರಡು ಬಿಲ್ಡಿಂಗ್‌ಗಳಲ್ಲಿ ಯಾವುದು ಒಳ್ಳೆಯದು ಅಂತ ನನ್ನ ನಕ್ಷೆ ಕೇಳಿದ. ಎರಡೂ ಒಂದೇ ಚೌಕದಲ್ಲಿವೆ ಮಾರಾಯ ಅಂದೆ.

ಇಷ್ಟಾದ ಮೇಲೆ ಬೆಟ್ಟಿನ ವಿಷಯ. ಚಳಿಗಾಲದ ನಕ್ಷೆಯಲ್ಲಿ ಬೆಂಗಳೂರು ದೊಡ್ಡ ಹಪ್ಪಳದ ಹಾಗೆ ಹರಡಿತ್ತು. ಶಕ್ತಿನಗರ ಬೊಟ್ಟಿಟ್ಟ ಹಾಗೆ ಸಣ್ಣಗೆ, ಆದರೆ ಎದ್ದು ಕಂಡಿತು. ತೋರಣಗಲ್ಲು ಕಡೆ ಇನ್ನೊಂದು ಬೊಟ್ಟು. ಶಕ್ತಿನಗರದ ಬೊಟ್ಟು ಸ್ಥಾವರದ್ದೇನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಒಂದು ಉಪಾಯ ಇದೆ. ಪ್ರತಿ ದಿನದ ಗಾಳಿಯ ದಿಕ್ಕು ತೆಗೆದುಕೊಂಡು, ಸ್ಥಾವರವನ್ನು ನಡುವೆ ಇಟ್ಟು, ಗಾಳಿ ಎಲ್ಲ ದಿನವೂ ಒಂದೇ ಕಡೆಗೆ ಬೀಸಿತೇನೋ ಅನ್ನುವ ಹಾಗೆ ಚಿತ್ರಗಳನ್ನು ತಿರುಗಿಸಿ ಆಮೇಲೆ ಸರಾಸರಿ ಮಾಡೋದು. ಎರಡು ಭಾನುವಾರ ಹೋಯ್ತು. ಕೊನೆಗೆ ಬೊಟ್ಟಿಗೆ ಬಾಲ ಬಂತು, ಧೂಮಕೇತುವಿನ ಹಾಗೆ. ರಾತ್ರಿ ಹನ್ನೊಂದಕ್ಕೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ. ಅವಳು ಏನಂದಳು ಅಂತ ಬರೆಯೋದಿಲ್ಲ.

ರಾಯಚೂರು ಪೇಟೆಯ ಮೇಲಿನ ಅಂಕಿ ಮಾತ್ರ ಬೆಂಗಳೂರಿಗಿಂತ ಕಡಿಮೆಯೇ ಬಂತು. ಯಾವ ಅಂಕಿಯಿಂದ ಕೆಂಪು ಅನ್ನುವ ಬಣ್ಣದ ಪಟ್ಟಿ ಸ್ವಲ್ಪ ಕೆಳಗಿಳಿಸಿದರೆ ರಾಯಚೂರನ್ನೂ ಕೆಂಪು ಮಾಡಬಹುದಿತ್ತು, ಆಸೆಯೂ ಆಯ್ತು. ಮಾಡಲಿಲ್ಲ.

ಮಾವನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದೆ. ಇದು ಮೂಗಿನ ಹತ್ತಿರದ ಗಾಳಿ ಅಲ್ಲ, ನೆಲದಿಂದ ಮೇಲೆ ಹಲವು ಕಿ.ಮೀ.ವರೆಗೆ ನಿಂತ ಕಂಬದೊಳಗಿನ ಒಟ್ಟು ಅನಿಲ, ಲೆಕ್ಕ ಚದರ ಮೀಟರಿಗೆ ಇಷ್ಟು ಮೋಲ್ (ಅಣುಗಳನ್ನು ಎಣಿಸುವ ಅಳತೆ) ಅಂತ ಬರುತ್ತೆ, ಹಾಗಾಗಿ ನಮ್ಮ ದೇಶದ ಮಿತಿ ಇದೆಯಲ್ಲ, ಘನ ಮೀಟರಿಗೆ 24 ಗಂಟೆಯ ಸರಾಸರಿ 80 ಮೈಕ್ರೋಗ್ರಾಂ, ಅದರ ಪಕ್ಕ ಇಟ್ಟು ನೋಡೋಕಾಗಲ್ಲ ಅಂತ ಉದ್ದಕ್ಕೆ ಹೇಳಿದೆ. ಧೂಳು, ಬೂದಿ ಇದರಲ್ಲಿ ಕಾಣೋದಿಲ್ಲ ಅಂತಲೂ ಹೇಳಿದೆ. ಅವರು ಎಲ್ಲ ಕೇಳಿ, "ಇದು ಯಾವ ಹೊತ್ತಿನ ಲೆಕ್ಕ?" ಅಂದರು.

ಮಧ್ಯಾಹ್ನ ಸುಮಾರು ಒಂದೂವರೆ ಅಂದೆ.

"ಆಗ ನಾ ಮಲ್ಕೊಂಡಿರ್ತೀನಿ. ಸಂಜಿ ಕಟ್ಟಿ ಮ್ಯಾಲ ಕುಂತಾಗಿಂದು ಹೇಳ್ರಿ."

ಸರಿಯಾದ ಪ್ರಶ್ನೆ. ಒಂದೂವರೆಗೆ ಬಿಸಿಲು ಜೋರಾಗಿ ಈ ಅನಿಲವನ್ನು ಒಡೆಯುತ್ತಿರುತ್ತೆ, ಗಾಳಿಯೂ ಮೇಲೆ ಕೆಳಗೆ ಚೆನ್ನಾಗಿ ಕಲಸಿರುತ್ತೆ. ಸಂಜೆ ಟ್ರಾಫಿಕ್ ಹೊತ್ತಿಗೆ ಉಪಗ್ರಹ ಬೇರೆ ಯಾವುದೋ ದೇಶದ ಮೇಲಿರುತ್ತೆ. ಬಿಸಿಲಿಲ್ಲದೆ ಅದಕ್ಕೆ ಕಣ್ಣೇ ಕಾಣೋದಿಲ್ಲ; ದೀಪಾವಳಿ ರಾತ್ರಿಯ ಪಟಾಕಿ ಹೊಗೆಯೂ ಅದರ ಲೆಕ್ಕಕ್ಕಿಲ್ಲ. ಕೊರಿಯಾದವರು 2020ರಲ್ಲಿ ಹಾರಿಸಿದ ಜೆಮ್ಸ್ ಅನ್ನುವ ಇಂಥದ್ದೇ ಉಪಕರಣ ಒಂದೇ ಕಡೆ ನಿಂತು ಹಗಲು ಹೊತ್ತು ಗಂಟೆಗೊಮ್ಮೆ ಏಷ್ಯಾವನ್ನು ನೋಡುತ್ತೆ, ನಮ್ಮ ಭಾಗ ಅದರ ಪಶ್ಚಿಮದ ಅಂಚಿನಲ್ಲಿ ಬರುತ್ತೆ. ಆ ಡೇಟಾ ಇಳಿಸಿಕೊಳ್ಳೋಕೆ ಶುರು ಮಾಡಿದ್ದೀನಿ. ಮಿರ್ಚಿಯನ್ನಂತೂ ಯುಗಾದಿಗೆ ಹೋದಾಗ ನಾನೇ ಕೊಡಿಸಿದೆ.