ಫಾರ್ಟಿನೈನರ್ಸ್ ಮುಗ್ಗರಿಸಿದ ವರ್ಷ: ಬೇ ಏರಿಯಾ ಕನ್ನಡಿಗರಿಗೆ ಎನ್‌ಎಫ್‌ಎಲ್ ಲೆಕ್ಕ

ಅಮೆರಿಕನ್ ಫುಟ್‌ಬಾಲ್ ನಿಯಮ ಗೊತ್ತಿಲ್ಲ ಅಂತ ಆಫೀಸಿನಲ್ಲಿ ಸಂಕೋಚ ಪಡುತ್ತೀರಾ? ಹಾಗಾದರೆ ಇದನ್ನು ಕೇಳಿ. 2024ರ ಫೆಬ್ರವರಿ 11ರಂದು ಲಾಸ್ ವೇಗಸ್‌ನಲ್ಲಿ ನಡೆದ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಓವರ್‌ಟೈಮ್‌ಗೆ ಹೋಯಿತು. ಪ್ಲೇಆಫ್ ಓವರ್‌ಟೈಮ್ ನಿಯಮ ಅಷ್ಟರಲ್ಲಿ ಬದಲಾಗಿತ್ತು. ಮೊದಲ ತಂಡ ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆಗೆರೆ ದಾಟಿಸುವುದು) ಹೊಡೆದರೂ ಎರಡನೆಯ ತಂಡಕ್ಕೆ ಒಂದು ಅವಕಾಶ ಸಿಗಲೇಬೇಕು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ ಫಾರ್ಟಿನೈನರ್ಸ್‌ನ ಕೆಲವು ಆಟಗಾರರಿಗೇ ಇದು ಗೊತ್ತಿರಲಿಲ್ಲ. ಪಂದ್ಯ ಮುಗಿದ ಮೇಲೆ ಅವರೇ ಹೇಳಿಕೊಂಡರು! ಟಾಸ್ ಗೆದ್ದು ಮೊದಲು ಚೆಂಡು ತಗೊಂಡರು, ಮೂರು ಪಾಯಿಂಟ್ ಮಾಡಿದರು. ಆಮೇಲೆ ಕ್ಯಾನ್ಸಸ್ ಸಿಟಿ ಚೀಫ್ಸ್ ಟಚ್‌ಡೌನ್ ಹೊಡೆದು 25-22ರಿಂದ ಕಪ್ ಎತ್ತಿಕೊಂಡು ಹೋಯಿತು.

ಅಲ್ಲಿಂದ ಏಳು ತಿಂಗಳಿಗೆ ಹೊಸ ಸೀಸನ್ ಶುರುವಾಯಿತು. ಹಿಂದಿನ ಸಲ 17ರಲ್ಲಿ 12 ಪಂದ್ಯ ಗೆದ್ದಿದ್ದ ತಂಡ ಈ ಸಲ ಗೆದ್ದದ್ದು ಆರೇ ಆರು. ಸೋತದ್ದು ಹನ್ನೊಂದು. ತನ್ನ ಗುಂಪಿನಲ್ಲಿ ಕಟ್ಟಕಡೆಯ ಸ್ಥಾನ. ನಾನು ಈ ಲೀಗನ್ನು ಸರಿಯಾಗಿ ಕಲಿತದ್ದು ಆ ವರ್ಷವೇ. ಗೆಲ್ಲುತ್ತಿದ್ದಾಗ ಪಕ್ಕದವರ ಜೊತೆ ಸುಮ್ನೆ ಕೂಗಿದ್ದೆ, ಅಷ್ಟೆ.

ಮೊದಲು ವ್ಯವಸ್ಥೆ ನೋಡೋಣ. ಎನ್‌ಎಫ್‌ಎಲ್ ಅಂದರೆ ಅಮೆರಿಕನ್ ಫುಟ್‌ಬಾಲ್‌ನ ಮುಖ್ಯ ಲೀಗ್, ಅದರಲ್ಲಿ 32 ತಂಡ. ಎನ್‌ಎಫ್‌ಸಿ, ಎಎಫ್‌ಸಿ ಅಂತ ಎರಡು ಭಾಗ. ಒಂದೊಂದರಲ್ಲಿ ನಾಲ್ಕು ಡಿವಿಷನ್, ಒಂದು ಡಿವಿಷನ್‌ಗೆ ನಾಲ್ಕು ತಂಡ. ನೈನರ್ಸ್ ಇರೋದು ಎನ್‌ಎಫ್‌ಸಿ ವೆಸ್ಟ್‌ನಲ್ಲಿ. ಜೊತೆಗೆ ಲಾಸ್ ಏಂಜಲಿಸ್ ರ‍್ಯಾಮ್ಸ್, ಸಿಯಾಟಲ್ ಸೀಹಾಕ್ಸ್, ಅರಿಜೋನಾ ಕಾರ್ಡಿನಲ್ಸ್. ಡಿವಿಷನ್ ಗೆದ್ದವರಿಗೆ ನೇರ ಪ್ಲೇಆಫ್. ಉಳಿದವರಲ್ಲಿ ಚೆನ್ನಾಗಿ ಆಡಿದ ಮೂರು ತಂಡಕ್ಕೆ ವೈಲ್ಡ್ ಕಾರ್ಡ್. ಹೀಗೆ ಒಂದೊಂದು ಭಾಗದಿಂದ ಏಳೇಳು. ಸೆಪ್ಟೆಂಬರಿನಿಂದ ಜನವರಿ ಆರಂಭದವರೆಗೆ 18 ವಾರ, ಅದರಲ್ಲಿ ಒಂದು ವಾರ ರಜೆ. ಐಪಿಎಲ್ ಥರ ಎರಡು ಮೂರು ದಿನಕ್ಕೊಂದು ಪಂದ್ಯ ಇಲ್ಲ. ಹಾಗಾಗಿ ಒಂದು ಸೋಲು ಇಡೀ ವಾರ ಮನೆಯಲ್ಲೇ ಕೂತಿರುತ್ತೆ.

ರಣಜಿಯಲ್ಲಿ ಕಳಪೆಯಾಗಿ ಆಡಿದವರನ್ನು ಪ್ಲೇಟ್ ಗುಂಪಿಗೆ ತಳ್ಳುತ್ತಾರೆ ಅಲ್ವಾ? ಇಲ್ಲಿ ಹಾಗಿಲ್ಲ. ಸೋತವರಿಗೆ ಶಿಕ್ಷೆ ಇಲ್ಲ, ಬದಲಿಗೆ ಕೈ ಹಿಡಿದು ಎತ್ತುತ್ತಾರೆ. ಗೆದ್ದವರ ಕಾಲಿಗೆ ಸ್ವಲ್ಪ ಭಾರ ಕಟ್ಟುತ್ತಾರೆ. ಇದನ್ನು ಮೂರು ಕಡೆ ನೋಡಬಹುದು: ಪಂದ್ಯಪಟ್ಟಿ, ಡ್ರಾಫ್ಟ್ (ಕಾಲೇಜು ಆಟಗಾರರನ್ನು ತಂಡಗಳು ಸರದಿಯಂತೆ ಆರಿಸಿಕೊಳ್ಳುವುದು), ಸಂಬಳದ ಮಿತಿ.

ಪಂದ್ಯಪಟ್ಟಿಯಲ್ಲಿ ಆರು ಪಂದ್ಯ ಡಿವಿಷನ್ ಒಳಗೆ, ಒಬ್ಬೊಬ್ಬರ ಜೊತೆ ಎರಡೆರಡು. ಎಂಟು ಪಂದ್ಯ ಸರದಿ ಪ್ರಕಾರ ಬರುವ ಬೇರೆ ಎರಡು ಡಿವಿಷನ್‌ಗಳ ಮೇಲೆ. ಉಳಿದ ಮೂರು ಹಿಂದಿನ ವರ್ಷದ ಸ್ಥಾನ ನೋಡಿ ಕೊಡುವಂಥವು. ಮೊದಲು ಬಂದವರು ಮೊದಲು ಬಂದವರ ಮೇಲೆ, ಕೊನೆಯವರು ಕೊನೆಯವರ ಮೇಲೆ. 2024ರಲ್ಲಿ ನೈನರ್ಸ್‌ಗೆ ಸಿಕ್ಕಿದ್ದು ಡಲ್ಲಾಸ್, ಟ್ಯಾಂಪಾ ಬೇ, ಮತ್ತೆ ಅದೇ ಕ್ಯಾನ್ಸಸ್ ಸಿಟಿ.

‘ಪಟ್ಟಿ ಕಷ್ಟ ಇತ್ತು, ಅದಕ್ಕೇ ಸೋತರು’ ಅಂತ ನಿಮ್ಮ ಆಫೀಸಿನಲ್ಲಿ ಯಾರಾದರೂ ಹೇಳಿದರೆ ನಂಬಬೇಡಿ. ಆ ಮೂರರಲ್ಲಿ ಎರಡನ್ನು ಗೆದ್ದರು. ಡಲ್ಲಾಸ್ ಮೇಲೆ 30-24, ಟ್ಯಾಂಪಾ ಬೇ ಮೇಲೆ 23-20. ಮುಳುಗಿದ್ದು ಮನೆಯಂಗಳದಲ್ಲೇ. ಡಿವಿಷನ್‌ನ ಆರು ಪಂದ್ಯಗಳಲ್ಲಿ ಗೆದ್ದದ್ದು ಒಂದು. ರ‍್ಯಾಮ್ಸ್‌ಗೆ 27-24, ಕಾರ್ಡಿನಲ್ಸ್‌ಗೆ 24-23, ಸೀಹಾಕ್ಸ್‌ಗೆ 20-17. ಈ ಮೂರರಲ್ಲೂ ಕೊನೆಯ ಕ್ವಾರ್ಟರಿನಲ್ಲಿ, ಅಂದರೆ ಪಂದ್ಯದ ಕೊನೆಯ ಕಾಲುಭಾಗದಲ್ಲಿ, ನೈನರ್ಸ್ ಮುಂದಿತ್ತು. ಒಟ್ಟು ಏಳು ಪಾಯಿಂಟಿನ ಅಂತರ, ಮೂರು ಸೋಲು. ಆಮೇಲೆ ಮಳೆಯಲ್ಲಿ ರ‍್ಯಾಮ್ಸ್‌ಗೆ ಮತ್ತೆ 12-6. ಆ ವರ್ಷ ಡಿವಿಷನ್ ಗೆದ್ದ ರ‍್ಯಾಮ್ಸ್ ಬಳಿ ಇದ್ದದ್ದು ಹತ್ತು ಗೆಲುವು. ಆರಕ್ಕೆ ನಾಲ್ಕು ಕೂಡಿಸಿ ನೋಡಿ.

ಸೀಹಾಕ್ಸ್ ಪಂದ್ಯಕ್ಕೆ ನಾನು ಮಗನನ್ನು ಕರೆದುಕೊಂಡು ಹೋಗಿದ್ದೆ, ನವೆಂಬರ್ 17ರಂದು. ನೈನರ್ಸ್ 17-13ರಿಂದ ಮುಂದಿತ್ತು. ಪಕ್ಕದ ಸಾಲಿನವರು ಆಗಲೇ ಜಾಕೆಟ್ ಹಾಕಿಕೊಳ್ಳುತ್ತಿದ್ದರು. ಸೀಹಾಕ್ಸ್ ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆದು ಆಟ ನಡೆಸುವವರು) ಜೀನೋ ಸ್ಮಿತ್‌ಗೆ ಆಗ 34 ವರ್ಷ, ಓಟಕ್ಕೆ ಹೆಸರಾದವರೇನಲ್ಲ. ಎಸೆಯುತ್ತಾರೆ ಅಂದುಕೊಂಡರೆ ಚೆಂಡನ್ನು ಬಗಲಲ್ಲಿ ಇಟ್ಟುಕೊಂಡು ತಾವೇ ಓಡಿದರು. 13 ಗಜ, ಟಚ್‌ಡೌನ್. ಗಡಿಯಾರದಲ್ಲಿ 12 ಸೆಕೆಂಡ್ ಉಳಿದಿತ್ತು. ಸ್ಟೇಡಿಯಂ ಎಷ್ಟು ನಿಶ್ಶಬ್ದವಾಯಿತು ಅಂದರೆ ಎಲ್ಲೋ ಮೇಲಿನ ಸಾಲಿನಲ್ಲಿ ಕೂತ ಸೀಹಾಕ್ಸ್ ಅಭಿಮಾನಿಗಳ ಕೂಗು ಮಾತ್ರ ಕೇಳುತ್ತಿತ್ತು. ‘ಅಪ್ಪಾ, ಮುಗೀತಾ?’ ಅಂದ ಮಗ. ಮುಗೀತು ಕಣೋ.

ಗಾಯದ ವಿಷಯಕ್ಕೆ ಬರೋಣ. ಎನ್‌ಎಫ್‌ಎಲ್ ತಂಡದ ಮುಖ್ಯ ಪಟ್ಟಿಯಲ್ಲಿ 53 ಜನ. ದೊಡ್ಡ ಗಾಯವಾದವರನ್ನು ಇಂಜರ್ಡ್ ರಿಸರ್ವ್ ಪಟ್ಟಿಗೆ ಹಾಕುತ್ತಾರೆ. ಅಲ್ಲಿ ಹೋದರೆ ಕಡಿಮೆ ಅಂದರೂ ನಾಲ್ಕು ಪಂದ್ಯ ಹೊರಗೆ. 2023ರಲ್ಲಿ ಲೀಗ್‌ನ ಅತ್ಯುತ್ತಮ ಆಕ್ರಮಣ ಆಟಗಾರ ಅನ್ನಿಸಿಕೊಂಡಿದ್ದ ಕ್ರಿಶ್ಚಿಯನ್ ಮೆಕ್‌ಕ್ಯಾಫ್ರಿ ಹಿಮ್ಮಡಿಯ ಸ್ನಾಯುರಜ್ಜಿನ ನೋವಿನಿಂದ ಮೊದಲ ಎಂಟು ಪಂದ್ಯ ಆಡಲಿಲ್ಲ. ನವೆಂಬರಿನಲ್ಲಿ ಬಂದರು. ಡಿಸೆಂಬರ್ 1ರಂದು ಬಫಲೋದ ಹಿಮದಲ್ಲಿ ಮಂಡಿಗೆ ಪೆಟ್ಟು. ಒಟ್ಟು ಆಡಿದ್ದು ನಾಲ್ಕೇ ಪಂದ್ಯ. ಡ್ರೆ ಗ್ರೀನ್‌ಲಾ ಕಥೆ ಇನ್ನೂ ವಿಚಿತ್ರ. ಆ ಸೂಪರ್ ಬೌಲ್‌ನಲ್ಲೇ, ಯಾರೂ ಮುಟ್ಟದೆ, ಬೌಂಡರಿಯಿಂದ ಮೈದಾನಕ್ಕೆ ಓಡಿ ಬರುವಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡಿದ್ದರು. ಕಾರ್ಡಿನಲ್ಸ್ ಪಂದ್ಯದಲ್ಲಿ ಕಿಕ್ಕರ್ ಜೇಕ್ ಮೂಡಿ ಎದುರಾಳಿಯನ್ನು ತಡೆಯಲು ಹೋಗಿ ಕಾಲು ಉಳುಕಿಸಿಕೊಂಡರು. ಉಳಿದ ಕಿಕ್ಕಿಂಗ್ ಕೆಲಸವೂ ಪಂಟರ್ (ಚೆಂಡನ್ನು ದೂರ ಒದ್ದು ಎದುರಾಳಿಗೆ ಬಿಟ್ಟುಕೊಡುವವರು) ತಲೆಗೆ ಬಿತ್ತು. ಹೊಸ ಹುಡುಗ ರಿಕಿ ಪಿಯರ್‌ಸಾಲ್‌ಗೆ ಸೀಸನ್ ಶುರುವಾಗುವ ಮೊದಲೇ ಸ್ಯಾನ್ ಫ್ರಾನ್ಸಿಸ್ಕೋದ ಯೂನಿಯನ್ ಸ್ಕ್ವೇರ್‌ನಲ್ಲಿ ದರೋಡೆಗೆ ಬಂದವನಿಂದ ಎದೆಗೆ ಗುಂಡೇಟು ಬಿತ್ತು. ಅವರು ಅಕ್ಟೋಬರ್ 20ಕ್ಕೆ ಮೈದಾನಕ್ಕೆ ಇಳಿದರು ಅನ್ನೋದೇ ಆ ವರ್ಷದ ಒಂದು ಸಂತೋಷ.

ಆದರೆ ಗಾಯ ಎಲ್ಲರಿಗೂ ಆಗುತ್ತೆ. ನನಗೆ ಸೀಸನ್ ಮುಗಿದ ಹಾಗೆ ಅನ್ನಿಸಿದ್ದು ಡಿಸೆಂಬರ್ 12ರಂದು ರ‍್ಯಾಮ್ಸ್ ಎದುರಿನ ಆ ಮಳೆಯ ರಾತ್ರಿ. ರಕ್ಷಣಾ ಆಟಗಾರ (ಲೈನ್‌ಬ್ಯಾಕರ್) ಡಿವಾಂಡ್ರೆ ಕ್ಯಾಂಪ್‌ಬೆಲ್ ಅವರನ್ನು ಮೂರನೇ ಕ್ವಾರ್ಟರಿನಲ್ಲಿ ಆಡಲು ಕರೆದರು. ಅವರು ಒಲ್ಲೆ ಅಂದರು. ಪಂದ್ಯ ನಡೆಯುತ್ತಿರುವಾಗಲೇ ಎದ್ದು ಡ್ರೆಸಿಂಗ್ ರೂಮಿಗೆ ನಡೆದುಬಿಟ್ಟರು. ಬ್ಯಾಟಿಂಗಿಗೆ ಇಳಿ ಅಂದರೆ ಪ್ಯಾಡ್ ಬಿಚ್ಚಿಟ್ಟು ಹೋದ ಹಾಗೆ. ತಂಡ ಅವರನ್ನು ಸಸ್ಪೆಂಡ್ ಮಾಡಿತು.

ಇನ್ನು ದುಡ್ಡು. ಇದೇ ನಿಜವಾದ ಒಳಲೆಕ್ಕ. ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಒಂದೇ ಗಾತ್ರದ ಪರ್ಸ್ ಇರುವಂತೆ ಇಲ್ಲೂ ಸ್ಯಾಲರಿ ಕ್ಯಾಪ್ ಇದೆ. 2024ರಲ್ಲಿ ತಂಡಕ್ಕೆ 25.54 ಕೋಟಿ ಡಾಲರ್. ಗಾಯವಾಗಿ ಮನೆಯಲ್ಲಿ ಕೂತವರ ಸಂಬಳವೂ ಅದರೊಳಗೇ. ಆಗಸ್ಟಿನಲ್ಲಿ ನಾಲ್ಕು ವರ್ಷಕ್ಕೆ 12 ಕೋಟಿ ಡಾಲರಿನ ಒಪ್ಪಂದ ಮಾಡಿಕೊಂಡ ಬ್ರ್ಯಾಂಡನ್ ಐಯುಕ್ ಅಕ್ಟೋಬರಿನಲ್ಲೇ ಮಂಡಿಯ ಲಿಗಮೆಂಟ್ ಹರಿದುಕೊಂಡರು. ದುಡ್ಡು ಮಾತ್ರ ಲೆಕ್ಕದಲ್ಲಿ ಉಳಿಯಿತು.

ನೈನರ್ಸ್ ಅಷ್ಟೊಂದು ತಾರೆಗಳನ್ನು ಸಾಕಿದ್ದು ಹೇಗೆ ಗೊತ್ತಾ? ಕ್ವಾರ್ಟರ್‌ಬ್ಯಾಕ್ ಬ್ರಾಕ್ ಪರ್ಡಿ ದಯೆಯಿಂದ. 2022ರ ಡ್ರಾಫ್ಟ್‌ನಲ್ಲಿ ಅವರು 262ನೆಯವರು, ಅಂದರೆ ಕಟ್ಟಕಡೆಯ ಆಯ್ಕೆ. ಡ್ರಾಫ್ಟ್‌ನಲ್ಲಿ ಬಂದವರ ಮೊದಲ ಒಪ್ಪಂದದ ಸಂಬಳ ಆಯ್ಕೆಯ ಕ್ರಮದ ಮೇಲೆ ನಿಗದಿ. ಹಾಗಾಗಿ 2024ರಲ್ಲೂ ಅವರಿಗೆ ಹತ್ತು ಲಕ್ಷ ಡಾಲರಿಗಿಂತ ಕಡಿಮೆ. ಅದೇ ವರ್ಷ ಡಲ್ಲಾಸ್‌ನ ಡ್ಯಾಕ್ ಪ್ರೆಸ್ಕಾಟ್‌ಗೆ ವರ್ಷಕ್ಕೆ ಆರು ಕೋಟಿ ಡಾಲರ್. ಉಳಿದ ದುಡ್ಡಿನಲ್ಲಿ ಬೇರೆ ತಾರೆಗಳನ್ನು ಕೊಂಡರು. ಇದು ಎಂದಾದರೂ ಮುಗಿಯಬೇಕಾದ ರಿಯಾಯಿತಿ ಮಾರಾಟ. 2025ರ ಮೇನಲ್ಲಿ ಪರ್ಡಿ ಐದು ವರ್ಷಕ್ಕೆ 26.5 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿದರು. ಅದಕ್ಕೆ ಮೊದಲೇ ತಂಡದ ತಾರೆಗಳಾದ ಡೀಬೊ ಸ್ಯಾಮ್ಯುಯೆಲ್, ಗ್ರೀನ್‌ಲಾ, ಹುಫಾಂಗಾ, ವಾರ್ಡ್ ಎಲ್ಲ ಬೇರೆ ಊರು ಸೇರಿದ್ದರು. ಅದಕ್ಕೇ 2024ರ ಸೋಲು ಇಲ್ಲಿನವರಿಗೆ ಅಷ್ಟು ಉರಿದಿದ್ದು. ಅಗ್ಗದ ಕ್ವಾರ್ಟರ್‌ಬ್ಯಾಕ್ ಇದ್ದ ಕೊನೆಯ ವರ್ಷ ವ್ಯರ್ಥವಾಯಿತು.

ನಮಗೆ ಇದರಲ್ಲಿ ಒಂದು ಲಾಭವೂ ಉಂಟು. ತಂಡ ಸೋಲತೊಡಗಿದರೆ ಡಿಸೆಂಬರಿನಲ್ಲಿ ಮರುಮಾರಾಟದ ಟಿಕೆಟ್ ಬೆಲೆ ಇಳಿಯುತ್ತೆ. ಮನೆಮಂದಿಯೆಲ್ಲ ಹೋಗೋಕೆ ಅದೇ ಸಮಯ. ಲೀವೈಸ್ ಸ್ಟೇಡಿಯಂ ಇರೋದು ಸ್ಯಾನ್ ಫ್ರಾನ್ಸಿಸ್ಕೋದಲ್ಲಲ್ಲ, ಸಾಂತಾ ಕ್ಲಾರಾದಲ್ಲಿ. ಮೌಂಟನ್ ವ್ಯೂ ಕಡೆಯಿಂದಾದರೆ ಲೈಟ್ ರೈಲಿನಲ್ಲಿ ಗ್ರೇಟ್ ಅಮೆರಿಕಾ ಸ್ಟೇಷನ್‌ಗೆ ಬನ್ನಿ. ಪಾರ್ಕಿಂಗಿಗೆ ದುಡ್ಡು ಸುರಿಯಬೇಡಿ. ಪುಟ್ಟ ಪರ್ಸ್ ಬಿಟ್ಟರೆ ಪಾರದರ್ಶಕ ಚೀಲ ಮಾತ್ರ ಒಳಗೆ ಬಿಡುತ್ತಾರೆ, ಊರಿಂದ ತಂದ ಜೋಳಿಗೆ ಮನೆಯಲ್ಲೇ ಇರಲಿ. ಸೆಪ್ಟೆಂಬರಿನಲ್ಲಿ ಹೋಗೋದಾದರೆ ಪೂರ್ವದ ಕಡೆಯ ಸೀಟು ಬೇಡ. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ, ರಾಯಚೂರು ನೆನಪಾಗುತ್ತೆ.

ಕೊನೆಯ ಪಂದ್ಯ 2025ರ ಜನವರಿ 5ರಂದು ಅರಿಜೋನಾದಲ್ಲಿ. ಪಕ್ಕದ ಮನೆಯವರ ಟಿವಿಯಲ್ಲಿ ನೋಡಿದೆ. ಅವರು ನಲವತ್ತು ವರ್ಷದ ಅಭಿಮಾನಿ, 1995ರಲ್ಲಿ ತಂಡ ಕೊನೆಯ ಸಲ ಕಪ್ ಗೆದ್ದಾಗ ಕಂಡವರು. ಕಾರ್ಡಿನಲ್ಸ್ ಒಂದೊಂದು ಟಚ್‌ಡೌನ್ ಹೊಡೆದಾಗಲೂ ಬೇಸರ ಮಾಡಿಕೊಳ್ಳದೆ ಫೋನಿನಲ್ಲಿ ಏನೋ ಲೆಕ್ಕ ಹಾಕುತ್ತಿದ್ದರು. ಡ್ರಾಫ್ಟ್ ಲೆಕ್ಕ. ಕಾಲೇಜು ಆಟಗಾರರನ್ನು ಆರಿಸುವಾಗ ಜಾಸ್ತಿ ಸೋತವರಿಗೆ ಮೊದಲ ಸರದಿ. 47-24ರಿಂದ ಸೋತದ್ದೇ, ‘ಹನ್ನೊಂದನೆಯ ಆಯ್ಕೆ ನಮ್ಮದು’ ಅಂತ ಬಿಯರ್ ತೆರೆದರು. ಏಪ್ರಿಲಿನಲ್ಲಿ ಆ ಹನ್ನೊಂದನೆಯ ಜಾಗದಲ್ಲಿ ಜಾರ್ಜಿಯಾ ವಿಶ್ವವಿದ್ಯಾಲಯದ ಮೈಕೆಲ್ ವಿಲಿಯಮ್ಸ್ ಬಂದರು. ಕೊನೆಯ ಸ್ಥಾನದ ಬಹುಮಾನವಾಗಿ 2025ರ ಪಂದ್ಯಪಟ್ಟಿಯಲ್ಲಿ ಜೈಂಟ್ಸ್, ಬೇರ್ಸ್, ಬ್ರೌನ್ಸ್ ಸಿಕ್ಕರು.

ಆ ಕೊನೆಯ ಪಂದ್ಯದ ರಾತ್ರಿ ಮೈಸೂರಿನ ತಮ್ಮನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿದೆ. ಅವನು ಆರ್‌ಸಿಬಿ ಶುರುವಾದಾಗಿನಿಂದ ಅಭಿಮಾನಿ, ಆಗಿನ್ನೂ ಐಪಿಎಲ್ ಕಪ್ ಬಂದಿರಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಅಲ್ಲ ಕಣೋ, ಸೋತಿದ್ದಕ್ಕೆಲ್ಲ ಹಿಂಗೆ ಏನಾದ್ರೂ ಕೊಡ್ತಿದ್ರೆ, ನಮಗೆ ಇಷ್ಟೊತ್ತಿಗೆ ಎಷ್ಟು ಬಾಕಿ ಬರ್ಬೇಕಿತ್ತು?’ ಅಂದ.