ಎಜಿಸಿ ಸೆಟ್ ಮಾಡ್ಬೇಕಾ, ಮೊದ್ಲು ಆರ್‌ಎಫ್ ಗೇನ್ ನಾಬ್ ತಿರುಗಿಸಿ

ಹ್ಯಾಮ್ (ಹವ್ಯಾಸಿ ರೇಡಿಯೋ) ರಿಸೀವರ್ ಇಟ್ಕೊಂಡಿರೋ ತುಂಬಾ ಜನಕ್ಕೆ ಎಜಿಸಿ (ಸದ್ದಿನ ಮಟ್ಟನ ತಾನಾಗೇ ಹೊಂದಿಸೋ ವ್ಯವಸ್ಥೆ) ಅಂದ್ರೆ ಫಾಸ್ಟ್, ಮಿಡ್, ಸ್ಲೋ ಅಂತ ಬದಲಾಗೋ ಒಂದು ಬಟನ್ ಅಷ್ಟೇ. ಎಸ್‌ಎಸ್‌ಬಿಗೆ (ಮಾತು) ಸ್ಲೋ, ಸಿಡಬ್ಲ್ಯೂಗೆ (ಮೋರ್ಸ್) ಫಾಸ್ಟ್ ಹಾಕಿ ಮರ್ತುಬಿಡ್ತಾರೆ, ಆಮೇಲೆ ಒಂದೆರಡು ಗಂಟೆ ಹೆಡ್‌ಫೋನ್ ಹಾಕ್ಕೊಂಡು ಕೂತ್ರೆ ತಲೆ ನೋವು ಬರತ್ತೆ, ಇವತ್ತು ಬ್ಯಾಂಡೇ (ಕೇಳೋ ಫ್ರೀಕ್ವೆನ್ಸಿ ವ್ಯಾಪ್ತಿ) ಸರಿ ಇಲ್ಲ ಅಂತಾರೆ. ಎಷ್ಟೋ ಸಲ ಬ್ಯಾಂಡ್ ಚೆನ್ನಾಗೇ ಇರತ್ತೆ. ಸುಸ್ತು ಮಾಡೋದು ಮಾತಿನ ಮಧ್ಯೆ ಮಧ್ಯೆ ಶ್‌ಶ್ ಅಂತ ಉಬ್ಬಿ ಬರೋ ನಾಯ್ಸು, ಅದನ್ನ ಎತ್ತಿ ಎತ್ತಿ ಕೊಡ್ತಿರೋದು ಎಜಿಸಿನೇ.

ಯಾಕೆ ಹಾಗೆ ಅಂದ್ರೆ, ಎಚ್‌ಎಫ್‌ನಲ್ಲಿ (ಶಾರ್ಟ್‌ವೇವ್) ಸಿಗ್ನಲ್ ಬಲನ ಎಸ್ ಯೂನಿಟ್‌ನಲ್ಲಿ ಹೇಳ್ತಾರೆ. ಎಸ್9 ಸಿಗ್ನಲ್ ಅಂದ್ರೆ ಆಂಟೆನಾ ಕನೆಕ್ಟರ್ ಹತ್ರ 50 ಮೈಕ್ರೋವೋಲ್ಟ್, ಅಂದ್ರೆ ಮೈನಸ್ 73 ಡಿಬಿಎಂ, ಅಲ್ಲಿಂದ ಕೆಳಗೆ ಒಂದೊಂದು ಎಸ್ ಯೂನಿಟ್‌ಗೆ 6 ಡಿಬಿ (ಡೆಸಿಬೆಲ್). ಎಸ್3 ಸ್ಟೇಷನ್‌ಗೂ ಎಸ್9 ಪ್ಲಸ್ 40ರ ಸ್ಟೇಷನ್‌ಗೂ 76 ಡಿಬಿ ಅಂತರ, ವೋಲ್ಟೇಜ್ ಲೆಕ್ಕದಲ್ಲಿ ಸುಮಾರು 6300 ಪಟ್ಟು. ಎರಡೂ ಕಿವಿಗೆ ಹೆಚ್ಚು ಕಮ್ಮಿ ಒಂದೇ ಮಟ್ಟದಲ್ಲಿ ಕೇಳ್ಬೇಕು ಅಂದ್ರೆ ಎಜಿಸಿ ಬೇಕೇ ಬೇಕು. ಫಿಲ್ಟರ್ ದಾಟಿ ಬಂದದ್ದು ಎಷ್ಟು ಜೋರಾಗಿದೆ ಅಂತ ಅಳೆದು, ಜೋರಿದ್ರೆ ಗೇನ್ (ಸಿಗ್ನಲ್ ದೊಡ್ಡದು ಮಾಡೋ ಪ್ರಮಾಣ) ಇಳಿಸತ್ತೆ, ಮೆತ್ತಗಾದ್ರೆ ಏರಿಸತ್ತೆ. ಆದ್ರೆ ಬಂದದ್ದು ಸ್ಟೇಷನ್ನೋ ನಾಯ್ಸೋ ಅನ್ನೋದು ಅದಕ್ಕೆ ತಿಳಿಯಲ್ಲ. 40 ಮೀಟರ್ ಬ್ಯಾಂಡ್‌ನಲ್ಲಿ ನಾಯ್ಸೇ ಎಸ್6 ಇದ್ರೆ ಆ ನಾಯ್ಸನ್ನೂ ಸ್ಟೇಷನ್ ಮಟ್ಟಕ್ಕೇ ತಂದು ಕೂರಿಸತ್ತೆ. ಹಾಗಾಗಿ ಮಾಡ್ಬೇಕಾದ ಮುಖ್ಯ ಕೆಲಸ ಒಂದೇ, ಬರೀ ನಾಯ್ಸ್ ಇದ್ದಾಗ ಎಜಿಸಿ ಸುಮ್ನಿರ್ಬೇಕು, ಸ್ಟೇಷನ್ ಬಂದಾಗ ಮಾತ್ರ ಎಚ್ಚರ ಆಗ್ಬೇಕು. ಅದಕ್ಕೆ ಬೇಕಾಗೋದು ಆರ್‌ಎಫ್ ಗೇನ್, ಅಂದ್ರೆ ಗೇನನ್ನ ಕೈಯಿಂದಲೇ ಹೊಂದಿಸೋ ನಾಬ್.

ಅದಕ್ಕಿಂತ ಮೊದ್ಲು ಪ್ರಿಆಂಪ್ (ಬರೋ ಸಿಗ್ನಲನ್ನ ಮೊದಲೇ ದೊಡ್ಡದು ಮಾಡೋ ಭಾಗ) ಆಫ್ ಮಾಡಿ. ಆಫ್ ಇದ್ದಾಗ ಆಂಟೆನಾ ಕೇಬಲ್ ಬಿಚ್ಚಿ ನೋಡಿ, ನಾಯ್ಸ್ ಸ್ಪಷ್ಟವಾಗಿ ಬಿದ್ದೋದ್ರೆ ನಿಮ್ ರಿಸೀವರ್‌ಗೆ ಬ್ಯಾಂಡ್ ನಾಯ್ಸ್ ತನಕ ಚೆನ್ನಾಗೇ ಕೇಳ್ತಿದೆ ಅಂತ ಅರ್ಥ, ಪ್ರಿಆಂಪ್ ಹಾಕಿದ್ರೆ ನಾಯ್ಸೂ ಸಿಗ್ನಲ್ಲೂ ಒಟ್ಟಿಗೇ ಏರತ್ತೆ ಬಿಟ್ರೆ ಏನೂ ಲಾಭ ಇಲ್ಲ. 80, 40 ಮೀಟರ್‌ಗಳಲ್ಲಿ ಪ್ರಿಆಂಪ್ ಬೇಕಾಗೋದು ತೀರಾ ಅಪರೂಪ, 10 ಮೀಟರ್‌ನಲ್ಲಿ ಬೇಕಾಗ್ಬಹುದು. ರಾತ್ರಿ ಬ್ಯಾಂಡ್ ತುಂಬಿ ತುಳುಕ್ತಿದ್ರೆ ಅಟೆನ್ಯುಯೇಟರ್ (ಸಿಗ್ನಲ್ ತಗ್ಗಿಸೋದು) ಕೂಡ ಹಾಕಿ, ಹಿಂಜರಿಬೇಡಿ.

ಈಗ ಯಾರೂ ಮಾತಾಡ್ದೆ ಇರೋ ಒಂದು ಖಾಲಿ ಜಾಗಕ್ಕೆ ಟ್ಯೂನ್ ಮಾಡಿ. ಆರ್‌ಎಫ್ ಗೇನ್ ಪೂರ್ತಿ ಮೇಲಿರ್ಲಿ, ಎಸ್ ಮೀಟರ್ ಎಲ್ಲಿ ಆಡ್ತಿದೆ ನೋಡ್ಕೊಳಿ, ಎಸ್5 ಅನ್ಕೊಳೋಣ. ಈಗ ನಾಬನ್ನ ನಿಧಾನಕ್ಕೆ ಹಿಂದಕ್ಕೆ ತಿರುಗಿಸ್ತಾ ಬನ್ನಿ. ಶುರುನಲ್ಲಿ ಏನೂ ಆಗಲ್ಲ, ಸದ್ದು ಅಷ್ಟೇ ಇರತ್ತೆ. ಒಂದು ಹಂತದಲ್ಲಿ ಮುಳ್ಳು ಕೆಳಗಡೆ ಆಡೋದು ನಿಲ್ಲಿಸಿ ಎಸ್5 ಹತ್ರ ಒಂದೇ ಕಡೆ ನಿಲ್ಲತ್ತೆ, ಇನ್ನೊಂಚೂರು ತಿರುಗಿಸಿದ್ರೆ ಹೆಡ್‌ಫೋನ್‌ನಲ್ಲಿ ನಾಯ್ಸ್ ಇಳಿಯೋಕೆ ಶುರು ಆಗತ್ತೆ. ಅಲ್ಲೇ ನಿಲ್ಸಿ. ಬಹಳಷ್ಟು ರಿಗ್‌ಗಳಲ್ಲಿ (ರೇಡಿಯೋ ಸೆಟ್) ಮೀಟರ್ ತೋರ್ಸೋದು ಎಜಿಸಿ ವೋಲ್ಟೇಜನ್ನೇ, ಆರ್‌ಎಫ್ ಗೇನ್ ಇಳಿಸಿದಾಗ ಮುಳ್ಳು ಉಲ್ಟಾ ಮೇಲೆ ಹೋಗೋದು ಅದಕ್ಕೇನೇ, ರಿಗ್ ಕೆಟ್ಟೋಯ್ತು ಅಂತ ಗಾಬರಿ ಆಗ್ಬೇಡಿ. ಮುಳ್ಳು ಎಲ್ಲಿ ನಿಂತಿದ್ಯೋ ಅದಕ್ಕಿಂತ ಜೋರಾಗಿರೋ ಸ್ಟೇಷನ್ ಬಂದ್ರೆ ಮಾತ್ರ ಈಗ ಎಜಿಸಿ ಕೆಲಸ ಮಾಡತ್ತೆ. ವಾಲ್ಯೂಮ್ ಸ್ವಲ್ಪ ಏರಿಸ್ಕೊಳಿ, ಒಂದು ಸ್ಟೇಷನ್ ಹಿಡೀರಿ, ಅವರು ಉಸಿರು ತಗೊಳೋ ಸಂದಿನಲ್ಲಿ ಏನ್ ಕೇಳತ್ತೆ ಗಮನಿಸಿ. ಮೊದ್ಲು ನಾಯ್ಸ್ ಮಾತಿನಷ್ಟೇ ಜೋರಾಗಿ ನುಗ್ತಿತ್ತು, ಈಗ ಕೆಳಗೇ ಉಳಿಯತ್ತೆ. ಈ ಒಂದು ವ್ಯತ್ಯಾಸ ಕಿವಿಗೆ ಸಿಕ್ಬಿಟ್ರೆ ಮತ್ತೆ ಯಾವತ್ತೂ ನಾಬನ್ನ ಪೂರ್ತಿ ಮೇಲೆ ಇಟ್ಕೊಂಡು ಕೇಳೋಕೆ ಮನಸ್ಸು ಬರಲ್ಲ.

ಕೆಲವು ರಿಗ್‌ಗಳಲ್ಲಿ ಇದೇ ನಾಬ್ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ಸದ್ದು ಮುಚ್ಚೋದು) ಆಗಿರತ್ತೆ, ಮೆನುನಲ್ಲಿ ಆರ್‌ಎಫ್ ಗೇನ್‌ಗೆ ಬದಲಾಯಿಸ್ಕೋಬೇಕು. ಎಸ್‌ಡಿಆರ್ (ಸಾಫ್ಟ್‌ವೇರ್‌ನಿಂದ ನಡೆಯೋ ರೇಡಿಯೋ) ಸಾಫ್ಟ್‌ವೇರ್ ಆದ್ರೆ ಥ್ರೆಶೋಲ್ಡ್ (ಎಜಿಸಿ ಎಚ್ಚರ ಆಗೋ ಮಟ್ಟ) ಅಂತ ಬೇರೆಯೇ ಕೊಟ್ಟಿರ್ತಾರೆ, ಅದನ್ನ ನಾಯ್ಸ್ ಮಟ್ಟಕ್ಕಿಂತ ಕೆಲವು ಡಿಬಿ ಮೇಲೆ ಇಟ್ರೆ ಅದೇ ಫಲ.

ಇದಾದ್ಮೇಲೆ ಫಾಸ್ಟ್ ಸ್ಲೋ ವಿಚಾರ. ಸಿಗ್ನಲ್ ಬಂದಾಗ ಗೇನ್ ಇಳಿಯೋದು ಕೆಲವೇ ಮಿಲಿಸೆಕೆಂಡ್‌ನಲ್ಲಿ, ಅದನ್ನ ಸಾಮಾನ್ಯವಾಗಿ ಮುಟ್ಬೇಕಾಗಿಲ್ಲ. ನೀವು ಬದಲಾಯಿಸೋದು ಗೇನ್ ವಾಪಸ್ ಏರೋಕೆ ಹಿಡಿಯೋ ಸಮಯ, ಫಾಸ್ಟ್‌ನಲ್ಲಿ ಸೆಕೆಂಡಿನ ಒಂದು ಸಣ್ಣ ಪಾಲು, ಸ್ಲೋನಲ್ಲಿ ಕೆಲವು ಸೆಕೆಂಡ್. ಒಬ್ಬರೇ ಜೋರಾಗಿ ದೀರ್ಘವಾಗಿ ಮಾತಾಡ್ತಿದ್ರೆ ಸ್ಲೋ ಹಿತವಾಗಿರತ್ತೆ. ಆದ್ರೆ ನೆಟ್‌ನಲ್ಲಿ (ಹಲವು ಹ್ಯಾಮ್‌ಗಳು ಸೇರೋ ಮಾತುಕತೆ) ಜೋರು ಸ್ಟೇಷನ್ ಮುಗಿಸಿದ ತಕ್ಷಣ ದೂರದ ಮೆತ್ತಗಿನ ಸ್ಟೇಷನ್ ಕರೆದ್ರೆ, ಗೇನ್ ಇನ್ನೂ ಏರಿರಲ್ಲ, ಕಾಲ್‌ಸೈನ್‌ನ (ಸ್ಟೇಷನ್ ಗುರುತು) ಮೊದಲ ಅಕ್ಷರಗಳು ನುಂಗೋಗತ್ತೆ. ಅಲ್ಲಿ ಮಿಡ್ ಅಥವಾ ಫಾಸ್ಟ್ ಬೇಕು. ಗುಡುಗು ಸಿಡಿಲಿನ ದಿನ ಸ್ಲೋ ಇಡ್ಲೇಬೇಡಿ, ಒಂದೊಂದು ಸಿಡಿಲಿನ ಚಟ್ ಸದ್ದಿಗೂ ಗೇನ್ ಬಿದ್ದು ಎದ್ದೇಳೋ ಹೊತ್ತಿಗೆ ಅರ್ಧ ವಾಕ್ಯ ಹೋಗಿರತ್ತೆ. ಆರ್‌ಎಫ್ ಗೇನ್ ಸರಿಯಾಗಿ ಇಳಿಸಿದ್ರೆ ಎಸ್‌ಎಸ್‌ಬಿನಲ್ಲೂ ಫಾಸ್ಟ್ ಆರಾಮಾಗಿ ಕೇಳ್ಬಹುದು, ನನಗಂತೂ ಹಾಗೇ ಇಷ್ಟ.

ಕೆಲವೊಮ್ಮೆ ನೀವು ಕೇಳ್ತಿರೋ ಸ್ಟೇಷನ್ ಏರ್ತಾ ಇಳೀತಾ ಇರತ್ತೆ, ಕಾರಣ ಫೇಡಿಂಗ್ ಅಲ್ಲ, ಪಕ್ಕದ ಜೋರು ಸ್ಟೇಷನ್. ಅದು ಫಿಲ್ಟರ್ ಒಳಗೆ ಅರ್ಧ ಕಾಲಿಟ್ಟು ಎಜಿಸಿನ ಎಳೀತಿರತ್ತೆ. ಫಿಲ್ಟರ್ ಕಿರಿದು ಮಾಡಿ. ಕ್ಯಾರಿಯರ್ ಶಿಳ್ಳೆ (ಒಂದೇ ಸ್ವರದಲ್ಲಿ ಬರೋ ಸದ್ದು) ಇದ್ರೆ ಮ್ಯಾನ್ಯುವಲ್ ನಾಚ್ (ಆ ಸ್ವರನ ಮಾತ್ರ ಕತ್ತರಿಸೋ ಫಿಲ್ಟರ್) ಪ್ರಯತ್ನಿಸಿ. ಆಟೋ ನಾಚ್ ಹಾಕಿ ಶಿಳ್ಳೆ ಹೋದ್ರೂ ಎಸ್ ಮೀಟರ್ ಇಳೀದೆ ಮಾತು ಮೆತ್ತಗೇ ಉಳಿದ್ರೆ, ಆ ನಾಚ್ ಎಜಿಸಿ ಆದ್ಮೇಲೆ ಕೆಲಸ ಮಾಡ್ತಿದೆ ಅಂತ ತಿಳ್ಕೊಳಿ, ಶಿಳ್ಳೆ ಇನ್ನೂ ಗೇನ್ ಎಳೀತಾನೇ ಇದೆ.

ಎಫ್‌ಟಿ8ಗೆ (ಕಂಪ್ಯೂಟರ್ ಓದೋ ಡಿಜಿಟಲ್ ವಿಧಾನ) ಕಿವಿಯ ಹಿತ ಲೆಕ್ಕಕ್ಕಿಲ್ಲ, ಒಂದೇ ಫಿಲ್ಟರ್ ಒಳಗೆ ಜೋರಿನದೂ ಮೆತ್ತಗಿನದೂ ಒಟ್ಟಿಗೇ ಇರತ್ತೆ, ಜೋರಿನದು ಬಂದಾಗ ಎಲ್ಲರ ಮಟ್ಟನೂ ಕೆಳಗೆ ಹೋಗ್ಬಾರ್ದು ಅಂದ್ರೆ ಎಜಿಸಿ ಆಫ್ ಮಾಡಿ, ಅಥವಾ ಫಾಸ್ಟ್ ಇಟ್ಟು ಆರ್‌ಎಫ್ ಗೇನ್ ಇಳಿಸಿ. ಡಬ್ಲ್ಯುಎಸ್‌ಜೆಟಿ-ಎಕ್ಸ್ (ಎಫ್‌ಟಿ8 ಸಾಫ್ಟ್‌ವೇರ್) ಮೀಟರ್ ಬರೀ ನಾಯ್ಸ್ ಇದ್ದಾಗ ಸುಮಾರು 30 ಡಿಬಿ ತೋರಿಸ್ಬೇಕು. ಆದ್ರೆ ಎಜಿಸಿ ಆಫ್ ಇದ್ದಾಗ ಹೆಡ್‌ಫೋನ್ ಹಾಕ್ಬೇಡಿ, ಪಕ್ಕದಲ್ಲಿ ಯಾರೋ ಜೋರು ಸ್ಟೇಷನ್ ಏಕಾಏಕಿ ಶುರು ಮಾಡಿದ್ರೆ ತಡೆಯೋಕೆ ಏನೂ ಇರಲ್ಲ, ಕಿವಿಗೇ ಏಟು. ಸಿಡಬ್ಲ್ಯೂಗೆ ಆಫ್ ಮಾಡಿ ಕೇಳ್ಲೇಬೇಕು ಅನ್ಸಿದ್ರೆ ಮೊದ್ಲು ಆರ್‌ಎಫ್ ಗೇನ್ ಪೂರ್ತಿ ಕೆಳಗೆ ತನ್ನಿ, ಆಮೇಲೆ ಎಜಿಸಿ ಆಫ್ ಮಾಡಿ, ಆಮೇಲೆ ಬೇಕಾದಷ್ಟು ಮಾತ್ರ ಏರಿಸ್ಕೊಳಿ.